ಬನಿಯನ್ ಮೇಲಿನ ಕಾಲುವೆ

ದಾರದ ತುದಿ ಎಲ್ಲಾದರೂ ಜೋತು ಬಿದ್ದಿದ್ದರೆ ನನ್ನ ಕೈ ಸುಮ್ಮನಿರುವುದಿಲ್ಲ. ಇದು ರೋಗವೋ ಕಸುಬೋ ಹೇಳಲಾರೆ. ಹೋದ ವರ್ಷ ಅವಿನಾಶಿ ಊರಿಗೆ ಹೋಗುವ ಬಸ್ಸಿನಲ್ಲಿ ಕಂಡಕ್ಟರನ ತೋಳಿನ ತುದಿಯಲ್ಲಿ ಒಂದು ದಾರ ಗಾಳಿಗೆ ಆಡುತ್ತಿತ್ತು. ಅವನು ಟಿಕೆಟ್ ಕೊಡಲು ಕೈ ಚಾಚಿದ, ನಾನು ಸೊಂಟದ ಚೀಲದಿಂದ ಪುಟ್ಟ ಕತ್ತರಿ ತೆಗೆದು ಕಚಕ್ ಅನ್ನಿಸಿದೆ. ಗುಂಡಿ ಉದುರಿ ಸೀಟಿನ ಕೆಳಗೆ ಉರುಳಿತು. ಅದನ್ನು ಹುಡುಕಲು ನಾಲ್ಕು ಜನ ಬಗ್ಗಿದರು. ಗುಂಡಿ ಸಿಗಲಿಲ್ಲ, ಯಾರದೋ ಕಾಲುಂಗುರ ಸಿಕ್ಕಿತು. ಆಮೇಲೆ ಬಸ್ಸೆಲ್ಲ ಕಾಲುಂಗುರದ ಪಂಚಾಯಿತಿ. ನಾನು ಇಳಿಯುವ ಜಾಗದಲ್ಲಿ ಇಳಿದು ಹೋದೆ.

ಅದಕ್ಕೂ ಹಿಂದೆ ನನ್ನ ಮೈದುನನ ಮೊಮ್ಮಗನ ಮದುವೆಯಲ್ಲಿ ಇನ್ನೊಂದು ಆಗಿತ್ತು. ಮದುಮಗನ ಕೈಗೆ ಕಟ್ಟಿದ್ದ ಅರಿಶಿನದ ಕಂಕಣದ ತುದಿ ಸ್ವಲ್ಪ ಉದ್ದ ಇತ್ತು. ಫೋಟೋದಲ್ಲಿ ಅಂದವಾಗಿ ಕಾಣಲಿ ಅಂತ ಕತ್ತರಿ ಹಾಕಿದೆ, ಗಂಟೇ ಬಿಚ್ಚಿ ಕೆಳಗೆ ಬಿತ್ತು. ಪೂಜಾರಿ ಬಾಯಿ ತೆರೆದವನು ಮಂತ್ರ ಮರೆತ. ಆ ಗಂಡ ಹೆಂಡತಿ ಈಗ ಚೆನ್ನಾಗಿಯೇ ಇದ್ದಾರೆ. ಜಗಳ ಆದಾಗ ಮಾತ್ರ ಇಬ್ಬರೂ ನನ್ನ ಹೆಸರು ಹೇಳಿ ಬೈಯುತ್ತಾರಂತೆ. ಅಷ್ಟರಲ್ಲಾದರೂ ಅವರಿಬ್ಬರಿಗೆ ಒಮ್ಮತ ಇದೆಯಲ್ಲ, ಸಾಕು.

ನಾನು ಯಾರು ಅಂತ ಹೇಳಿಬಿಡುತ್ತೇನೆ. ಹುಟ್ಟಿದ್ದು ತಾಳವಾಡಿ ಕಡೆ. ಮೂರನೇ ಕ್ಲಾಸಿನ ತನಕ ಕನ್ನಡ ಓದಿದೆ. ನಾಲ್ಕನೇ ಕ್ಲಾಸಿಗೆ ಹೋಗುವ ಹೊತ್ತಿಗೆ ಮನೆಯಲ್ಲಿ ಎಮ್ಮೆ ಕರು ಹಾಕಿತು, ಅಲ್ಲಿಗೆ ನನ್ನ ಓದು ಮುಗಿಯಿತು. ಮದುವೆಯಾಗಿ ಕಾರಮಡೈ ಆಚೆಯ ಒಂದು ಊರಿಗೆ ಬಂದೆ. ನಾವು ಅಲ್ಲಿ ತಲೆತಲಾಂತರದಿಂದ ಬೇಸಾಯದವರು. ಮನೆಯೊಳಗೆ ಕನ್ನಡ, ಹೊಸ್ತಿಲು ದಾಟಿದರೆ ತಮಿಳು. ನಲವತ್ತು ವರ್ಷ ಬಾಳೆಗೆ, ಅರಿಶಿನಕ್ಕೆ ನೀರು ಕಟ್ಟಿದೆ. ಯಜಮಾನರು ಹೋದ ಮೇಲೆ ಮಗ ಸೊಸೆ ಹೊಲ ನೋಡಿಕೊಂಡರು, ನಾನು ತಿರುಪ್ಪೂರಿನಲ್ಲಿರುವ ಮಗಳು ಸರೋಜಳ ಮನೆಗೆ ಬಂದೆ. ಜನ ಏನೇನೋ ಕತೆ ಕಟ್ಟಿದರು. ಕತೆ ಏನೂ ಇಲ್ಲ. ಸೊಸೆಯ ಸಾರಿಗಿಂತ ಮಗಳ ಬೈಗುಳ ನನಗೆ ಚೆನ್ನಾಗಿ ಜೀರ್ಣವಾಗುತ್ತದೆ.

ಸರೋಜ ಹದಿನೆಂಟು ವರ್ಷ ಬೇರೆಯವರ ಕಂಪನಿಗಳಲ್ಲಿ ನಿಂತು ಬನಿಯನ್ ಚೆಕಿಂಗ್ ಮಾಡಿದವಳು. ತಿರುಪ್ಪೂರಿನಲ್ಲಿ ಮೈಮೇಲೆ ಹಾಕುವುದೆಲ್ಲ ಬನಿಯನ್ನೇ, ಕಾಲರ್ ಇದ್ದರೂ ಬನಿಯನ್, ಟೋಪಿ ಇದ್ದರೂ ಬನಿಯನ್. ಕೊನೆಗೆ ಅವಳು ತಗಡಿನ ಶೆಡ್ಡೊಂದನ್ನು ಹಿಡಿದು, ಆರು ಹೆಂಗಸರನ್ನು ಕೂಡಿಸಿಕೊಂಡು, ತಾನೇ ಕೆಲಸ ಶುರು ಮಾಡಿದಳು. ಹೊಲಿದು ಬಂದ ಬನಿಯನ್ನಿನ ಮೇಲೆ ನೇತಾಡುವ ದಾರಗಳನ್ನು ಕತ್ತರಿಸಿ ಚೊಕ್ಕ ಮಾಡುವುದು ನಮ್ಮ ಕೆಲಸ. ಆ ನೇತಾಡುವ ದಾರಕ್ಕೆ ಇಲ್ಲಿ ಪಿಸಿರು ಅನ್ನುತ್ತಾರೆ. ಮೊದಲು ನನ್ನನ್ನು ಟೀ ಕಾಯಿಸಲು ಇಟ್ಟಿದ್ದರು. ನನ್ನ ಟೀ ಕುಡಿದ ಮೇಲೆ ಕೈಗೆ ಕತ್ತರಿ ಕೊಟ್ಟರು.

ಹೀಗಿರುವಾಗ ಅರ್ಮೇನಿಯಾ ದೇಶದ ಒಂದು ಹಳ್ಳಿಯಿಂದ ಆರ್ಡರು ಬಂತು.

ತಂದವಳು ದಿವ್ಯ. ಪರದೇಶದ ಗಿರಾಕಿಗಳಿಗೂ ನಮ್ಮಂಥ ಶೆಡ್ಡುಗಳಿಗೂ ನಡುವೆ ಸ್ಕೂಟರಿನಲ್ಲಿ ಓಡಾಡುವ ಹುಡುಗಿ, ಯಾವುದೋ ಏಜೆಂಟಿನ ಆಫೀಸಿನವಳು. ಒಂದು ಕಿವಿಯಲ್ಲಿ ಇಂಗ್ಲಿಷ್, ಇನ್ನೊಂದು ಕಿವಿಯಲ್ಲಿ ಬೈಗುಳ, ಅವಳ ಬಾಳು ಅಷ್ಟೇ. ಬರಿ ಮುನ್ನೂರ ನಲವತ್ತು ಪೀಸಿನ ಆರ್ಡರು. ದೊಡ್ಡ ಕಂಪನಿಗಳು ಅಷ್ಟಕ್ಕೆ ಮೆಷಿನ್ನಿನ ಸ್ವಿಚ್ ಕೂಡ ಹಾಕುವುದಿಲ್ಲ. ಅದಕ್ಕೇ ಅದು ಉರುಳಿಕೊಂಡು ನಮ್ಮ ಶೆಡ್ಡಿಗೆ ಬಂತು. ಸರೋಜಳ ಶೆಡ್ಡಿಗೆ ಪರದೇಶದಿಂದ ಬಂದ ಮೊದಲ ಆರ್ಡರು ಅದು. ಅವಳು ಅಂದು ತಲೆಗೆ ಹೂ ಮುಡಿದಳು, ನನಗೂ ಮುಡಿಸಲು ಬಂದಳು. ಬೇಡ ಅಂದೆ.

"ಅವ್ವಾ, ಇದು ಸರಿಯಾಗಿ ಹೋಯ್ತು ಅಂದ್ರೆ ಅವರೇ ಇನ್ನೊಂದು ಕೊಡ್ತಾರೆ. ತಪ್ಪೋಯ್ತು ಅಂದ್ರೆ ನಾನು ಪುನಾ ಹೋಗಿ ಯಾರದೋ ಕಂಪನೀಲಿ ನಿಲ್ಬೇಕು. ತಿಳೀತಾ?" ಅಂದಳು.

"ನಿಂತ್ರೆ ಏನಾಯ್ತು, ಕಾಲು ಇಲ್ವಾ?" ಅಂದೆ. ಹಾಗೆ ಅನ್ನಬಾರದಿತ್ತು. ಅವಳ ಕಾಲಿನ ನರ ಸುತ್ತಿಕೊಂಡು ನೀಲಿಯಾಗಿರುವುದನ್ನು ದಿನಾ ನೋಡುವವಳು ನಾನೇ.

ಒಂದೊಂದು ಬನಿಯನ್ನಿನ ಕುತ್ತಿಗೆಗೂ ಒಂದು ಮಡಿಸಿದ ಕಾಗದ ಕಟ್ಟಬೇಕಿತ್ತು. ಅದರಲ್ಲಿ ಆ ಊರಿನ ಚರಿತ್ರೆ ಅಚ್ಚಾಗಿತ್ತು. ಒಂದು ಊರಿನ ಚರಿತ್ರೆಯನ್ನು ಪ್ಲಾಸ್ಟಿಕ್ ಕೊಂಡಿಗೆ ಸಿಕ್ಕಿಸಿ ನೇತುಹಾಕುವುದನ್ನು ಅಲ್ಲೇ ಕಂಡೆ. ಓದಿ ಹೇಳು ಅಂತ ದಿವ್ಯಳನ್ನು ಕೂಡಿಸಿಕೊಂಡೆ. ಅವಳು ತಮಿಳಿನಲ್ಲಿ ಹೇಳಿದಳು, ನಾನು ಇಲ್ಲಿ ಕನ್ನಡ ಮಾಡಿ ಬರೆಯುತ್ತಿದ್ದೇನೆ. ಆ ಊರಿನ ಹಿರಿಯರು ಎಲ್ಲಿಂದಲೋ ಓಡಿ ಬಂದವರಂತೆ. ಬೆಟ್ಟದ ಬುಡದಲ್ಲಿ ನಿಂತು, ಕಲ್ಲು ಆಯ್ದು, ಗೋಧಿ ಬಿತ್ತಿ, ಜರ್ದಾಳು ಹಣ್ಣಿನ ಗಿಡ ಹಾಕಿದರಂತೆ.

ನಾನು ನಕ್ಕೆ. ನಮ್ಮದೂ ಅದೇ ಕತೆ. ಕನ್ನಡ ಸೀಮೆಯಲ್ಲಿ ಯಾವನೋ ರಾಜ ನಮ್ಮ ಹೆಣ್ಣು ಕೇಳಿದ, ಕೊಡದೆ ರಾತ್ರೋರಾತ್ರಿ ಹೊಳೆ ದಾಟಿ ಬಂದೆವು ಅಂತ ನಮ್ಮ ಮಾವನವರು ಹೇಳುತ್ತಿದ್ದರು. ಇಲ್ಲಿ ಕನ್ನಡ ಆಡುವ ಯಾವ ಮನೆಗೆ ಹೋದರೂ ಅದೇ ರಾಜ, ಅದೇ ಹೆಣ್ಣು, ಅದೇ ಹೊಳೆ. ಆ ರಾಜನಿಗೆ ರಾಜ್ಯಭಾರದ ಕೆಲಸವೇ ಇರಲಿಲ್ಲವೋ ಏನೋ.

ಆಮೇಲೆ ಅವರ ಊರಲ್ಲಿ ಭೂಮಿ ಅಲ್ಲಾಡಿತಂತೆ. ನಮ್ಮ ಶೆಡ್ಡಿನಲ್ಲಿ ಟೀ ಕುದಿಯುವಷ್ಟು ಹೊತ್ತಿನೊಳಗೆ ಮನೆ, ಚರ್ಚು, ಸ್ಕೂಲು ಎಲ್ಲ ನೆಲಕ್ಕೆ ಬಿದ್ದವಂತೆ. ಉಳಿದವರಿಗೆ ಇರಲು ಸರಕು ಸಾಗಿಸುವ ಕಬ್ಬಿಣದ ಡಬ್ಬಗಳನ್ನು ಕೊಟ್ಟರಂತೆ. ಎರಡು ವರ್ಷ ಅಂತ ಹೇಳಿ ಕೊಟ್ಟಿದ್ದು. ಅದರಲ್ಲಿ ಹುಟ್ಟಿದ ಮಕ್ಕಳಿಗೆ ಅದರಲ್ಲೇ ಮೀಸೆ ಬಂತಂತೆ. ಚರ್ಚು ಮೊದಲು ಕಟ್ಟಬೇಕೋ ಮನೆ ಮೊದಲು ಕಟ್ಟಬೇಕೋ ಅಂತ ಕೆಲವು ವರ್ಷ ಜಗಳ. ಕೊನೆಗೆ ಗುಲಾಬಿ ಬಣ್ಣದ ಕಲ್ಲಿನಲ್ಲಿ ಒಂದೊಂದೇ ಮನೆ ಎದ್ದಿತು. ಎಲ್ಲ ಆದ ಮೇಲೂ ಬೆಟ್ಟದಿಂದ ನೀರು ತರುತ್ತಿದ್ದ ಹಳೆ ಕಾಲುವೆ ಮಾತ್ರ ಒಡೆದೇ ಬಿದ್ದಿತ್ತು. ಈಗ ಊರಿನವರೇ ಸೇರಿ ಅದನ್ನು ತೋಡಿ ಸರಿ ಮಾಡಿದ್ದಾರೆ. ನೀರು ಬಿಡುವ ದಿನ ಊರಿಗೆ ಊರೇ ಒಂದೇ ಥರದ ಬನಿಯನ್ ಹಾಕಿಕೊಂಡು ನಿಲ್ಲಬೇಕು ಅಂತ ಅವರಿಗೆ ಆಸೆ.

"ಕಬ್ಬಿಣದ ಡಬ್ಬದಲ್ಲಿ ಬಿಸಿಲಿಗೆ ಬೇಯಲಿಲ್ವಾ?" ಅಂತ ಕೇಳಿದೆ.

"ಅಲ್ಲಿ ಹಿಮ ಬೀಳುತ್ತೆ ಆತ್ತಾ," ಅಂದಳು ದಿವ್ಯ. ಇಲ್ಲಿ ವಯಸ್ಸಾದ ಹೆಂಗಸರನ್ನು ಆತ್ತಾ ಅನ್ನುತ್ತಾರೆ.

"ಹಂಗಾದ್ರೆ ನಮ್ಮ ಶೆಡ್ಡನ್ನ ಅವರಿಗೆ ಕೊಟ್ಟು ಅವರ ಡಬ್ಬಾನ ನಾವು ತಕ್ಕೋಬೋದಿತ್ತು," ಅಂದೆ. ಮೇಲೆ ತಗಡು ಕಾದು ಟಣ್ ಟಣ್ ಅನ್ನುತ್ತಿತ್ತು.

ಬನಿಯನ್ನಿನ ಎದೆಯ ಮೇಲೆ ಆ ಊರಿನ ನಕ್ಷೆಯನ್ನು ಕಸೂತಿ ಹಾಕಿದ್ದರು. ಬೇರೆ ಯೂನಿಟ್ಟಿನಲ್ಲಿ ಮೆಷಿನ್ನಿನಿಂದ ಹಾಕಿಸಿದ್ದು. ಮೇಲೆ ಬೆಟ್ಟ, ನಡುವೆ ದಿಬ್ಬದ ಮೇಲೆ ಚರ್ಚು, ಸುತ್ತ ಬೆರಳುಗುರಿನಷ್ಟು ಗುಲಾಬಿ ಮನೆಗಳು, ಹಸಿರು ಚುಕ್ಕಿಯ ಗಿಡಗಳು. ಇವೆಲ್ಲದರ ಮೇಲೆ ಒಂದು ಉದ್ದನೆಯ ನೀಲಿ ದಾರ, ನಾಲ್ಕೈದು ಕಡೆ ಮಾತ್ರ ಬಟ್ಟೆಗೆ ಕಚ್ಚಿಕೊಂಡು, ಉಳಿದ ಕಡೆ ಸಡಿಲವಾಗಿ ಜೋತು ಬಿದ್ದಿತ್ತು.

ಸರೋಜ ಮೂರು ದಿನ ಆ ಯೂನಿಟ್ಟಿನಿಂದ ಗಂಟು ಗಂಟಾಗಿ ಬನಿಯನ್ ತರುವುದರಲ್ಲೇ ಇದ್ದಳು. ಹೋಗುವಾಗ ನನ್ನ ಕೈಗೆ ಒಂದು ಶೀಟ್ ಕೊಟ್ಟು, "ಇದನ್ನ ನೋಡ್ಕಂಡು ಮಾಡವ್ವ," ಅಂದಳು. ಶೀಟಿನಲ್ಲಿ ಇಂಗ್ಲಿಷು. ಆದರೆ ಚಿತ್ರ ಇತ್ತು. ನೀಲಿ ದಾರದ ಪಕ್ಕ ಒಂದು ಬಾಯಿ ತೆರೆದ ಕತ್ತರಿ. ಬಾಯಿ ತೆರೆದ ಕತ್ತರಿ ಅಂದರೆ ಎರಡು ಗೀಟು ಅಡ್ಡಡ್ಡ. ಅದರ ಮೇಲೆ ಕೆಂಪು ಬಣ್ಣದಲ್ಲಿ ಇನ್ನೆರಡು ಗೀಟು ಅಡ್ಡಡ್ಡ. ನಾನು ಕನ್ನಡಕ ಏರಿಸಿ ನೋಡಿದೆ. ಎರಡು ಕತ್ತರಿ. ಅದರಲ್ಲಿ ಒಂದು ಕೆಂಪು. ಅಂದರೆ ಈ ದಾರವನ್ನು ಚೆನ್ನಾಗಿ, ಎರಡು ಸಲ ಕತ್ತರಿಸಬೇಕು, ಮರೆಯಬಾರದು ಅಂತ.

ಎರಡು ಸಲ ಕತ್ತರಿಸಿದೆವು. ನಾನೇ ಎಲ್ಲರಿಗೂ ಹೇಳಿಕೊಟ್ಟೆ. ಮೊದಲ ಸಲ ಮೇಲಿಂದ, ಎರಡನೇ ಸಲ ಬೇರಿಗೇ. ಒಂದು ಎಳೆ ಉಳಿದರೂ ಬನಿಯನ್ ವಾಪಸ್ ಕೊಟ್ಟು ಮತ್ತೆ ಕತ್ತರಿಸಿಸಿದೆ. ಸೆಲ್ವಿ ಅಂತ ಒಬ್ಬಳಿದ್ದಾಳೆ, ರಾಮನಾಥಪುರದ ಕಡೆಯವಳು, ಅವಳು ಮಾತ್ರ, "ಆತ್ತಾ, ಇಷ್ಟು ಅಂದವಾದ ದಾರಾನ ಯಾಕೆ ಮೊದಲು ಹಾಕಿ ಆಮೇಲೆ ತೆಗಿಸ್ತಾರೆ?" ಅಂತ ಕೇಳಿದಳು.

"ಪರದೇಶದವರು ಹಂಗೇ. ಸುಮ್ನೆ ಕತ್ತರಿಸು," ಅಂದೆ.

ನಾಲ್ಕನೇ ದಿನ ಬೆಳಿಗ್ಗೆ ದಿವ್ಯ ಕೊನೆಯ ಚೆಕಿಂಗಿಗೆ ಬಂದಳು. ಬ್ಯಾಗಿನಿಂದ ಸ್ಯಾಂಪಲ್ ಬನಿಯನ್ ತೆಗೆದು ನಮ್ಮ ಬನಿಯನ್ ಪಕ್ಕ ಇಟ್ಟಳು. ಅದನ್ನು ನೋಡಿದಳು, ಇದನ್ನು ನೋಡಿದಳು. ಇನ್ನೊಂದು ತೆಗೆದಳು. ಇನ್ನೊಂದು. ಆಮೇಲೆ ನೆಲದ ಮೇಲೆ ಕೂತುಬಿಟ್ಟಳು.

"ಆತ್ತಾ, ವಾಯ್ಕಾಲ್ ಎಂಗೆ?" ಅಂದಳು. ಕಾಲುವೆ ಎಲ್ಲಿ?

ಆಗ ಸರೋಜಳ ಮುಖ ನೋಡಿದೆ. ಅವಳು ಯಾರದೋ ಸಾವಿನ ಸುದ್ದಿ ಕೇಳಿದವಳ ಹಾಗೆ ನಿಂತಿದ್ದಳು.

"ಅವ್ವಾ, ಏನ್ ಮಾಡ್ಬುಟ್ಟೆ?"

"ಪಿಸಿರು ತೆಗ್ದೆ."

"ಅದು ಪಿಸಿರಲ್ಲ ಅವ್ವಾ, ಅವರ ಕಾಲ್ವೆ! ಶೀಟ್ ನೋಡು ಅಂದಿರ್ಲಿಲ್ವಾ?"

"ನೋಡೇ ಮಾಡ್ದೆ. ಎರಡು ಕತ್ರಿ ಇತ್ತು, ಎರಡು ಸಲ ಕತ್ತರಿಸ್ದೆ."

"ಅದು ಎರಡು ಕತ್ರಿ ಅಲ್ಲ. ಒಂದು ಕತ್ರಿ, ಮೇಲೆ ಕಾಟು ಹೊಡ್ದವ್ರೆ. ಕತ್ತರಿಸ್ಬೇಡಿ ಅಂತ!"

"ಕತ್ತರಿಸ್ಬೇಡಿ ಅನ್ನೋದಕ್ಕೆ ಕತ್ರಿ ಯಾಕೆ ಬರೀಬೇಕು? ಹಾಲು ಬೇಡ ಅನ್ನೋಕೆ ಯಾರಾದ್ರೂ ಎಮ್ಮೆ ಬರೀತಾರಾ?"

ಸರೋಜ ಶೀಟನ್ನು ನನ್ನ ಕೈಯಿಂದ ಕಿತ್ತುಕೊಂಡಳು.

ಬಾಯಿ ಜೋರು ಮಾಡಿದೆನೇ ಹೊರತು ನನಗೆ ಒಳಗೆ ನಾಚಿಕೆಯಾಗಿತ್ತು. ಬೇರೆ ಯಾರಾದರೂ ಕತ್ತರಿಸಿದ್ದರೆ ಸರಿ. ನಲವತ್ತು ವರ್ಷ ನೀರಿಗಾಗಿ ಬಾಯಿ ಬಡಿದುಕೊಂಡವಳು ನಾನು. ಮನೆ ಬಿದ್ದು, ಡಬ್ಬದಲ್ಲಿ ಬಾಳಿ, ಮತ್ತೆ ಮನೆ ಕಟ್ಟಿ, ಕೊನೆಗೆ ಕಾಲುವೆ ತೋಡಿಕೊಂಡ ಜನ. ಅವರ ನೀರನ್ನು ನಾನು ಮೂರೇ ದಿನದಲ್ಲಿ ಮುನ್ನೂರ ನಲವತ್ತು ಸಲ ಕಡಿದಿದ್ದೆ. ಎರಡೆರಡು ಸಲ ಅಂತ ಲೆಕ್ಕ ಹಾಕಿದರೆ ಇನ್ನೂ ಕಷ್ಟ.

ಕತ್ತರಿಸಿದ ದಾರವನ್ನೆಲ್ಲ ಹುಡುಕೋಣ ಅಂದಳು ಸೆಲ್ವಿ. ಎಲ್ಲ ಒಂದು ಗೋಣಿಚೀಲದಲ್ಲಿ ತುಂಬಿಟ್ಟಿದ್ದೆವು. ಆ ಚೀಲವನ್ನು ವೇಸ್ಟ್ ತೆಗೆದುಕೊಳ್ಳುವವನು ಅಂದು ಬೆಳಿಗ್ಗೆಯೇ ಮೊಪೆಡ್ಡಿನ ಹಿಂದೆ ಕಟ್ಟಿಕೊಂಡು ಹೋಗಿದ್ದ. ಸೆಲ್ವಿ ಫೋನು ಮಾಡಿದಳು. ಅವನು ಅದನ್ನು ಲೇತ್ ಶೆಡ್ಡುಗಳಿಗೆ ಹಂಚಿ ಆಗಿದೆ ಅಂದ. ಅರ್ಮೇನಿಯಾದ ಕಾಲುವೆ ನಮ್ಮ ಹಿಂದಿನ ಬೀದಿಯಲ್ಲಿ ಎಣ್ಣೆ ಒರೆಸುತ್ತಿತ್ತು.

"ನಾಳೆ ಸಂಜೆ ಲೋಡು ಹೋಗ್ಬೇಕು. ನಾಳೆ ಮಧ್ಯಾಹ್ನ ಅವರು ವಿಡಿಯೋದಲ್ಲಿ ನೋಡ್ತಾರೆ," ಅಂದಳು ದಿವ್ಯ. "ನಾನು ಏನ್ ಹೇಳಲಿ?"

"ಏನೂ ಹೇಳ್ಬೇಡ. ನೀಲಿ ದಾರ ತಂದುಕೊಡು, ಸೂಜಿ ತಂದುಕೊಡು," ಅಂದೆ. "ಕಡಿದವಳೇ ಕಟ್ತೀನಿ."

ಆರು ಹೆಂಗಸರು, ನಾನು, ಸರೋಜ, ಎಂಟು ಸೂಜಿ. ಸ್ಯಾಂಪಲ್ ನೋಡಿಕೊಂಡು ಶುರು ಮಾಡಿದೆವು. ಮೊದಲನೆಯದನ್ನು ಹೊಲಿಯುವಾಗಲೇ ನನ್ನ ಕೈ ನಿಂತಿತು. ಸ್ಯಾಂಪಲ್ಲಿನಲ್ಲಿ ಕಾಲುವೆ ಬೆಟ್ಟದಿಂದ ಇಳಿದು, ಹಳ್ಳದ ಮನೆಗಳನ್ನು ಮುಟ್ಟಿ, ಆಮೇಲೆ ನೆಟ್ಟಗೆ ದಿಬ್ಬ ಹತ್ತಿ ಚರ್ಚನ್ನು ಒಂದು ಸುತ್ತು ಹಾಕಿ ಮತ್ತೆ ಇಳಿಯುತ್ತಿತ್ತು.

"ದಿವ್ಯಾ, ನೀರು ದಿಬ್ಬ ಹತ್ತುತ್ತಾ?"

"ಡಿಸೈನ್ ಹಂಗೇ ಇದೆ ಆತ್ತಾ."

"ಡಿಸೈನ್ ಬರೆದವನಿಗೆ ನಲ್ಲಿ ಬಿಟ್ರೆ ನೀರು ಗೊತ್ತಿಲ್ಲ. ನಾನು ಹೊಲಿಯೋ ನೀರು ಕೆಳಗೇ ಹರಿಯೋದು."

ದಿಬ್ಬದ ಬುಡ ಸುತ್ತಿಸಿ ಹೊಲಿದೆ. ಎಲ್ಲರಿಗೂ ಹಾಗೇ ಹೊಲಿಯಲು ಹೇಳಿದೆ. ದಿವ್ಯ ಬೇಡ ಬೇಡ ಅಂದಳು, ಆಮೇಲೆ ತಾನೇ ಸೂಜಿಗಳಿಗೆ ದಾರ ಪೋಣಿಸಿ ಕೊಟ್ಟಳು.

ಅಷ್ಟಕ್ಕೇ ನಿಂತಿದ್ದರೆ ಚೆನ್ನಾಗಿತ್ತು. ಆದರೆ ಎಂಟು ಹೆಂಗಸರ ಕೈಗೆ ಒಂದು ಊರಿನ ನೀರು ಕೊಟ್ಟರೆ ಏನಾಗುತ್ತದೆ? ಸೆಲ್ವಿಯ ಊರಲ್ಲಿ ಕೊಡ ಹೊತ್ತು ಮೂರು ಮೈಲಿ ನಡೆಯಬೇಕಂತೆ. ಅವಳು ಕಾಲುವೆಯನ್ನು ಮೂರೆಳೆ ಹಾಕಿ ಅಗಲ ಮಾಡಿ ಹೊಲಿಯುತ್ತಿದ್ದಳು. ಒಡಿಶಾದಿಂದ ಬಂದ ಸುನೀತಾ ಅಂತ ಇದ್ದಾಳೆ. ಅವಳ ಊರು ವರ್ಷಕ್ಕೊಮ್ಮೆ ನೀರಲ್ಲಿ ಮುಳುಗುತ್ತದಂತೆ. ಅವಳು ಕಾಲುವೆಯನ್ನು ಒಂದೇ ಎಳೆ ಮಾಡಿ, ಎರಡೂ ಕಡೆ ಕಂದು ದಾರದಲ್ಲಿ ದಂಡೆ ಕಟ್ಟುತ್ತಿದ್ದಳು. ಇಬ್ಬರಿಗೂ ಜಗಳ ಹತ್ತಿಕೊಂಡಿತು.

"ಅಷ್ಟು ನೀರು ಬಿಟ್ಟರೆ ಊರು ಮುಳುಗ್ತದೆ, ಅಕ್ಕಾ," ಅಂತ ಸುನೀತಾ ತನ್ನ ಅರ್ಧ ತಮಿಳಿನಲ್ಲಿ.

"ನೀನು ಕೊಡೋ ನೀರಲ್ಲಿ ಕೋಳಿ ಕೂಡ ಮುಖ ತೊಳೆಯೋಕಾಗಲ್ಲ," ಅಂತ ಸೆಲ್ವಿ.

ನನಗೆ ನನ್ನ ಅತ್ತೆ ನೆನಪಿಗೆ ಬಂದಳು. ನಮ್ಮೂರಲ್ಲಿ ನೀರಿನ ಪಾಳಿ ಅಂತ ಇತ್ತು, ಇಷ್ಟು ಹೊತ್ತು ಇವರಿಗೆ, ಇಷ್ಟು ಹೊತ್ತು ಅವರಿಗೆ. ನಮ್ಮ ಪಾಳಿಯ ದಿನ ಅತ್ತೆ ಮಡೆಯ ಕಲ್ಲಿನ ಮೇಲೆ ಮಣೆ ಹಾಕಿಕೊಂಡು ಕೂರುತ್ತಿದ್ದಳು. ಮಡೆ ಅಂದರೆ ಕಾಲುವೆಯಿಂದ ಹೊಲಕ್ಕೆ ನೀರು ತಿರುಗಿಸುವ ಬಾಯಿ. ಊಟವೂ ಅಲ್ಲೇ, ಎಲೆ ಅಡಿಕೆಯೂ ಅಲ್ಲೇ. ಅವಳು ಎದ್ದರೆ ಪಕ್ಕದ ಹೊಲದವನು ಕಲ್ಲು ಸರಿಸುತ್ತಾನೆ ಅಂತ. ಒಂದು ಸಲ ನಮ್ಮ ಯಜಮಾನರ ತಂಗಿಯನ್ನು ನೋಡಲು ಗಂಡಿನ ಕಡೆಯವರು ಬಂದಿದ್ದರು. ಅತ್ತೆ ಏಳಲಿಲ್ಲ. ಗಂಡಿನವರೇ ಕಾಲುವೆ ಬದುವಿನ ಮೇಲೆ ಸಾಲಾಗಿ ಕೂತು ಕಾಫಿ ಕುಡಿದು ಹೋದರು. ಸಂಬಂಧ ಕೂಡಿ ಬಂತು. ಇಂಥ ಗಟ್ಟಿ ಹೆಂಗಸಿನ ಮಗಳು ಬೇಕು ಅಂದರಂತೆ. ಮಗಳು ಅಪ್ಪನ ಹಾಗೆ ಮೆತ್ತಗಿದ್ದಳು, ಅದು ಅವರಿಗೆ ಆಮೇಲೆ ತಿಳಿಯಿತು.

ನಾನು ಸೂಜಿ ಎತ್ತಿ ಹಿಡಿದು ತೀರ್ಮಾನ ಹೇಳಿದೆ. "ಎರಡೆಳೆ. ಮೂರೂ ಇಲ್ಲ, ಒಂದೂ ಇಲ್ಲ. ದಂಡೆ ಬೇಡ."

ಇಬ್ಬರೂ ಒಪ್ಪಿದರು. ಆಗ ಸೆಲ್ವಿ ಬನಿಯನ್ನಿನ ಕೆಳಗಿನ ಮೂಲೆಗೆ ಬೆರಳಿಟ್ಟಳು. "ಆತ್ತಾ, ಪಾಪ, ಈ ಮನೆ ನೋಡಿ."

ಎಲ್ಲ ಮನೆಗಳ ಮುಂದೆಯೂ ಕಾಲುವೆ ಹಾದು ಹೋಗುತ್ತಿತ್ತು. ಮೂಲೆಯ ಒಂದು ಮನೆ ಮಾತ್ರ ಬೇರೆಯಾಗಿ ನಿಂತಿತ್ತು. ಅದರ ಹತ್ತಿರ ಸ್ಯಾಂಪಲ್ಲಿನಲ್ಲೂ ನೀರು ಹೋಗಿರಲಿಲ್ಲ. ಗಿಡವೂ ಇರಲಿಲ್ಲ.

"ಮರೆತಿರ್ಬೇಕು," ಅಂದಳು ಸೆಲ್ವಿ.

"ನಾಲ್ಕು ಹೊಲಿಗೆ, ಅಷ್ಟೇ. ಕೊಟ್ಟುಬುಡಿ," ಅಂದೆ. ಕಡಿದ ಪಾಪಕ್ಕೆ ಸ್ವಲ್ಪ ಪುಣ್ಯ ಸೇರಲಿ ಅಂತ ಇರಬೇಕು. ಮುನ್ನೂರ ನಲವತ್ತು ಬನಿಯನ್ನಿನಲ್ಲೂ ಆ ಮೂಲೆ ಮನೆಗೆ ಕವಲು ಕಾಲುವೆ ಹೋಯಿತು. ಸರೋಜ ನೋಡಿದಳು, ಹಣೆ ಚಚ್ಚಿಕೊಂಡಳು, ತಾನೂ ಹೊಲಿದಳು. ಮಾರನೆ ದಿನ ಊಟದ ಹೊತ್ತಿಗೆ ಕೊನೆಯ ಗಂಟು ಹಾಕಿದೆವು.

ವಿಡಿಯೋ ಬಂತು. ಫೋನನ್ನು ಇಸ್ತ್ರಿ ಮೇಜಿಗೆ ಒರಗಿಸಿಟ್ಟು ದಿವ್ಯ ಮುಂದೆ ನಿಂತಳು. ಆ ಕಡೆ ಇಂಗ್ಲಿಷ್ ಬಲ್ಲ ಒಬ್ಬ ಟೀಚರಮ್ಮ, ಅವಳ ಪಕ್ಕ ತಲೆಗೆ ಕರಿ ಬಟ್ಟೆ ಕಟ್ಟಿದ ಒಬ್ಬ ಮುದುಕಿ. ಆನುಷ್ ಅಂತ ಹೆಸರು. ಊರಿನ ಕಾಲುವೆಯ ಮಡೆಗೆ ಬೀಗ ಇದೆಯಂತೆ, ಬೀಗದ ಕೈ ಆ ಮುದುಕಿಯ ಹತ್ತಿರ. ಬನಿಯನ್ ಬೇಕೋ ಬೇಡವೋ ಅನ್ನುವುದೂ ಅವಳ ಮಾತೇ ಅಂತೆ. ಮೂಗು ದೊಡ್ಡದು, ನಗು ಇಲ್ಲ. ನೋಡಿದ ಕೂಡಲೇ ನನಗೆ ಹಿಡಿಸಿತು.

ದಿವ್ಯ ಬನಿಯನ್ ಎತ್ತಿ ಹಿಡಿದಳು. ಮುದುಕಿ ಫೋನಿಗೆ ಮೂಗು ತಾಗುವಷ್ಟು ಹತ್ತಿರ ಬಂದಳು. ಏನೋ ಕೂಗಿದಳು. ಟೀಚರಮ್ಮ ಇಂಗ್ಲಿಷ್ ಮಾಡಿದಳು, ದಿವ್ಯ ತಮಿಳು ಮಾಡಿದಳು.

"ಕಾಲುವೆ ದಿಬ್ಬದ ಬುಡದಲ್ಲಿ ಹೋಗೋದು ನಿಮಗೆ ಹೆಂಗೆ ಗೊತ್ತಾಯ್ತು, ಅಂತ ಕೇಳ್ತಾರೆ. ಚರ್ಚ್ ಸುತ್ತಿ ಬರೆದಿದ್ದು ಪಟ್ಟಣದ ಹುಡುಗನಂತೆ. ಅಂದಕ್ಕೆ ಅಂತ."

"ನೀರಿಗೆ ಅಂದ ಗೊತ್ತಾ ಅಂತ ಕೇಳು," ಅಂದೆ.

ಅದು ಆ ಕಡೆ ತಲುಪಿತು. ಮುದುಕಿ ಒಂದು ಸಲ ತಲೆಯಾಡಿಸಿದಳು. ಸರೋಜ ನನ್ನ ತೋಳು ಹಿಡಿದುಕೊಂಡಳು.

ಆಗ ಮುದುಕಿಯ ಬೆರಳು ಮೂಲೆಗೆ ಹೋಯಿತು. ಧ್ವನಿ ಏರಿತು. ಟೀಚರಮ್ಮನೂ ಬೆಪ್ಪಾದಳು. ದಿವ್ಯ ತಡವರಿಸುತ್ತಾ ತಮಿಳು ಮಾಡಿದಳು.

"ಆ ಮೂಲೆ ಮನೆ ಹಾಕೋಬ್ ಅನ್ನೋನದಂತೆ. ಭೂಮಿ ಅಲ್ಲಾಡಿದಾಗ ರಷ್ಯಾಕ್ಕೆ ಹೋದವನು, ಎಲ್ಲ ಕಟ್ಟಿ ಆದಮೇಲೆ ಬಂದನಂತೆ. ಕಾಲುವೆ ತೋಡೋಕೆ ಒಂದು ದಿನಾನೂ ಬರಲಿಲ್ಲವಂತೆ. ಅದಕ್ಕೇ ಅವನಿಗೆ ನೀರಿಲ್ಲ ಅಂತ ಊರು ತೀರ್ಮಾನ ಮಾಡಿದೆಯಂತೆ. ನೀವು ಯಾರು ಕೊಡೋಕೆ, ಅಂತ ಕೇಳ್ತಾರೆ."

ನಮ್ಮೂರಲ್ಲೂ ಅದೇ ನ್ಯಾಯ. ವರ್ಷಕ್ಕೊಮ್ಮೆ ಕಾಲುವೆಯ ಹೂಳು ಎತ್ತಲು ಮನೆಗೊಬ್ಬರು ಗುದ್ದಲಿ ಹಿಡಿದು ಬರಬೇಕು. ಬಾರದವನಿಗೆ ಪಾಳಿ ಇಲ್ಲ. ನನ್ನ ಸ್ವಂತ ಮೈದುನನಿಗೇ ಒಂದು ವರ್ಷ ನೀರು ತಪ್ಪಿಸಿದವಳು ನಾನು, ಅವನ ಬಾಳೆ ಒಣಗಿತು, ನಾನು ಏನೂ ಮರುಗಲಿಲ್ಲ.

"ಅವಳು ಹೇಳೋದು ನ್ಯಾಯ," ಅಂದೆ. "ಬಾರದವನಿಗೆ ಕೊಡಬಾರದು. ನಂಗೆ ಗೊತ್ತಿರಲಿಲ್ಲ. ಈಗ್ಲೇ ಕಡಿದುಬುಡ್ತೀನಿ ಅಂತ ಹೇಳು." ಅಂದವಳೇ ಕತ್ತರಿ ತೆಗೆದೆ.

"ಅವ್ವಾ!" ಅಂತ ಸರೋಜ ಕಿರುಚಿದ್ದು ಅರ್ಮೇನಿಯಾಕ್ಕೆ ಫೋನಿಲ್ಲದೆಯೇ ಕೇಳಿರಬೇಕು. ಸಂಜೆ ಲೋಡು. ಹಗಲು ರಾತ್ರಿ ಕೂತು ಹೊಲಿದಿದ್ದನ್ನು ಮತ್ತೆ ಕತ್ತರಿಸಿದರೆ ಬಟ್ಟೆಯಲ್ಲಿ ತೂತು ಬೀಳುತ್ತದೆ. ಅವಳು ಫೋನಿನ ಮುಂದೆ ಬಂದು ನಿಂತು, ಕನ್ನಡದಲ್ಲೇ, ಯಾರಿಗೂ ಭಾಷಾಂತರ ಮಾಡಲು ಬಿಡದೆ, ಅಂದಳು: "ಅಜ್ಜೀ, ನಮ್ಮವ್ವ ಮಾಡಿದ್ದು ತಪ್ಪು. ಅವಳಿಗೆ ಒಂದು ಹೇಳಿದ್ರೆ ಇನ್ನೊಂದು ಮಾಡೋದೇ ಅಭ್ಯಾಸ. ನಾನು ಹದಿನೆಂಟು ವರ್ಷ ನಿಂತಿದೀನಿ. ಇದು ವಾಪಸ್ ಬಂದ್ರೆ ಪುನಾ ನಿಲ್ಬೇಕು. ನೀರು ಕೊಡೋದು ಬುಡೋದು ನಿಮ್ಮ ಬೀಗದಲ್ಲಿ ಇದೆ, ಬನಿಯನ್ನಲ್ಲಿ ಇಲ್ಲ."

ದಿವ್ಯಳಿಗೆ ಕನ್ನಡ ಬಾರದು. ನಾನು ತಮಿಳು ಮಾಡಿ ಹೇಳಿದೆ, ದಿವ್ಯ ಇಂಗ್ಲಿಷ್ ಮಾಡಿದಳು, ಟೀಚರಮ್ಮ ಅವರ ಮಾತು ಮಾಡಿದಳು. ನನ್ನನ್ನು ಬೈದ ಭಾಗವನ್ನೂ ಬಿಡದೆ ಹೇಳಿದೆ. ಮುದುಕಿ ಕೇಳಿದಳು. ಸರೋಜಳನ್ನು ನೋಡಿದಳು, ಕೈಯಲ್ಲಿ ಕತ್ತರಿ ಹಿಡಿದ ನನ್ನನ್ನು ನೋಡಿದಳು. ತನ್ನ ಪಕ್ಕದವರ ಜೊತೆ ಒಂದಷ್ಟು ಹೊತ್ತು ಜಗಳ ಆಡಿದಳು. ಕೊನೆಗೆ ಒಂದೇ ಮಾತು ಹೇಳಿದಳು.

"ಕಳಿಸಿ ಅಂತಾರೆ," ಅಂದಳು ದಿವ್ಯ, ಅಳುತ್ತಾ. ಅವಳಿಗೆ ಅಳು ಜಾಸ್ತಿ.

ಲೋಡು ಹೋಯಿತು. ಸರೋಜ ಅಂದು ಕಾಲು ಚಾಚಿ ಮಲಗಿದಳು. ಒಂದು ತಿಂಗಳು ಕಳೆದು, ನೀರು ಬಿಟ್ಟ ದಿನದ ವಿಡಿಯೋ ಬಂತು. ಊರೆಲ್ಲ ನಮ್ಮ ಬನಿಯನ್. ಸ್ವೆಟರಿನ ಮೇಲೆ ಹಾಕಿಕೊಂಡಿದ್ದರು, ಎಲ್ಲರೂ ದಿಂಬಿನ ಹಾಗೆ ಕಾಣುತ್ತಿದ್ದರು. ಕೆಲವರು ಎರಡೆಳೆ ಕಾಲುವೆಯವರು, ಕೆಲವರು ತೀರ್ಮಾನಕ್ಕೆ ಮುಂಚೆ ಸೆಲ್ವಿ ಹೊಲಿದ ಮೂರೆಳೆಯವರು. ಮೂರೆಳೆಯವರು ಸ್ವಲ್ಪ ಗರ್ವದಿಂದ ನಿಂತಿದ್ದರು. ಆ ಕಡೆ ಮೂಲೆಯಲ್ಲಿ ಒಬ್ಬ ಬೋಳುತಲೆಯ ಗಂಡಸು ತನ್ನ ಎದೆಯ ಮೇಲೆ ಬೆರಳಿಟ್ಟು, ಸಿಕ್ಕಿದವರಿಗೆಲ್ಲ ಏನೋ ತೋರಿಸುತ್ತಿದ್ದ.

ಅವನೇ ಹಾಕೋಬ್. ನೋಡಿ, ಊರಿನ ನಕ್ಷೆಯಲ್ಲೇ ನನಗೆ ನೀರು ಇದೆ, ಮುನ್ನೂರ ನಲವತ್ತು ಜನ ಎದೆಯ ಮೇಲೆ ಹಾಕಿಕೊಂಡಿದ್ದೀರಿ, ಈಗ ಇಲ್ಲ ಅಂದರೆ ಹೇಗೆ ಅಂತ ಅವನ ವಾದ. ಹೀಗೆ ಹೇಳಿಕೊಂಡು ತಾನೇ ಗುದ್ದಲಿ ತಂದು, ನಾವು ಹೊಲಿದ ಜಾಗದಲ್ಲೇ ಕವಲು ತೋಡಿ ನೀರು ತಿರುಗಿಸಿಕೊಂಡನಂತೆ. ಊರಿನ ಕಾಲುವೆಗೆ ಬಾರದ ಗುದ್ದಲಿ ಅವನ ಕಾಲುವೆಗೆ ಬಂತು. ಮಡೆಗೆ ಬೀಗ ಇದೆ, ಆದರೆ ಆ ಹೊಸ ಬಾಯಿಗೆ ಬೀಗ ಎಲ್ಲಿಂದ ಬರಬೇಕು?

ಆನುಷ್ ಮುದುಕಿ ಒಂದು ಮಾತು ಹೇಳಿ ಕಳಿಸಿದ್ದಳು. "ನೀನು ಕೊಟ್ಟ ನೀರು. ನೀನೇ ಬಂದು ನಿಲ್ಲಿಸು."

ಅವಳಿಗೆ ಕೋಪ ಬರಬೇಕಾದದ್ದೇ. ನನಗೆ ಪಾಸ್‌ಪೋರ್ಟ್ ಇಲ್ಲ, ಹಿಮದಲ್ಲಿ ನನ್ನ ಮಂಡಿ ಕೆಲಸ ಮಾಡುವುದಿಲ್ಲ. ದಿವ್ಯಳನ್ನು ಕೂಡಿಸಿಕೊಂಡು ಉತ್ತರ ಬರೆಸಿದೆ. ಬರಿ ಮಣ್ಣು ಹಾಕಿದರೆ ಕಿತ್ತುಕೊಂಡು ಹೋಗುತ್ತದೆ. ಮೊದಲು ಹಳೇ ಬಟ್ಟೆಯನ್ನು ಒದ್ದೆ ಮಾಡಿ, ಉಂಡೆ ಕಟ್ಟಿ, ಬಾಯಿಗೆ ತುರುಕಬೇಕು. ಮೇಲೆ ಕಲ್ಲು, ಕಲ್ಲಿನ ಮೇಲೆ ಜೇಡಿ ಮಣ್ಣು. ಕಾಲಿನಲ್ಲಿ ತುಳಿಯಬೇಕು. ಅವನು ಬಂದು ಕಿತ್ತರೆ ಮತ್ತೆ ತುರುಕಬೇಕು. ಒಂದು ವರ್ಷ ಹೂಳು ಎತ್ತಲು ಬಂದರೆ ಆಮೇಲೆ ಬಿಡಬಹುದು, ಅದಕ್ಕೆ ಮುಂಚೆ ಬೇಡ.

ಹತ್ತು ದಿನ ಸುದ್ದಿ ಇಲ್ಲ. ಹನ್ನೊಂದನೇ ದಿನ ಒಂದು ಫೋಟೋ ಬಂತು. ಕಾಲುವೆಯ ಬದು, ಕವಲಿನ ಬಾಯಿ, ಅದರ ಮೇಲೆ ರಬ್ಬರ್ ಬೂಟು ಹಾಕಿದ ಆನುಷ್ ಮುದುಕಿಯ ಕಾಲು. ಕಲ್ಲಿನ ಸಂದಿಯಿಂದ ಬಿಳಿ ಬಟ್ಟೆ ಇಣುಕುತ್ತಿತ್ತು. ಹಳೇ ಬಟ್ಟೆಯಲ್ಲ, ನಮ್ಮದೇ ಬನಿಯನ್, ಅದರಲ್ಲಿ ಅರ್ಧ ಚರ್ಚು, ಮೂರು ಗುಲಾಬಿ ಮನೆ, ಎರಡೆಳೆ ನೀಲಿ ದಾರ. ಒಂದು ಹನಿ ನೀರು ಆಚೆ ಹೋಗಿರಲಿಲ್ಲ. ಒಳ್ಳೆ ಕಾಟನ್, ಹೇಗೆ ಹೋದೀತು?

ಫೋಟೋದ ಕೆಳಗೆ ಇಂಗ್ಲಿಷಿನಲ್ಲಿ ಎರಡು ಸಾಲಿತ್ತು. ದಿವ್ಯ ಓದಿದಳು. ಸರೋಜ ಎರಡು ಸಲ ಓದಿಸಿದಳು, ಆಮೇಲೆ ಶೆಡ್ಡಿನ ಬಾಗಿಲಲ್ಲಿ ಹೋಗಿ ನಿಂತು ಸೆರಗಿನಿಂದ ಮುಖ ಒರೆಸಿಕೊಂಡಳು. ಅವರಿಗೆ ಇನ್ನೂ ನಲವತ್ತು ಬನಿಯನ್ ಬೇಕಂತೆ, ಬೇಗ ಬೇಕಂತೆ.

ಮೈಗೆ ಹಾಕಲೋ ಕಾಲುವೆ ಬಾಯಿಗೆ ತುರುಕಲೋ, ಆ ಊರಲ್ಲಿ ಹಾಕೋಬ್‌ನಂಥವರು ಇನ್ನೂ ಎಷ್ಟು ಜನ ಇದ್ದಾರೆ ಅಂತ ನಾನು ಕೇಳಲಿಲ್ಲ. ಆರ್ಡರು ಆರ್ಡರೇ.